ಟೊಮೆಟೊ ಭಾವ

ನಮ್ಮ ಭಾವ ರಿಟೈರಾದ ಮೇಲೆ, ಕೆಲಸ ಮಾಡುವುದು ಹೇಗೆ ಎಂಬ ವಿಷಯದಲ್ಲಿ ಪಂಡಿತರಾಗಿದ್ದಾರೆ. ಕೆಲಸ ಒಂದು ಬಾಕಿ ಇದೆ, ಅಷ್ಟೆ. ತಮ್ಮೂರ ಕೆರೆಯ ಮೇಲೊಂದು ಪುಸ್ತಕ ಬರೆಯಬೇಕು. ಆರು ವರ್ಷದಿಂದ ಸಿದ್ಧತೆ ನಡೆದಿದೆ.

ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ಮೇಜಿನ ಮೇಲೆ ನಾಲ್ಕು ಬಣ್ಣದ ಪೆನ್ನು, ಗೋಡೆಯ ತುಂಬ ಸೂತ್ರ, ಹಾಳೆ ಖಾಲಿ. ಭಾವನ ಮೊದಲ ಸೂತ್ರ ‘ಬೇಡ ಅನ್ನಲು ಕಲಿ’. ಕೊತ್ತಂಬರಿ ಸೊಪ್ಪು ತನ್ನಿ ಎಂದು ಅಕ್ಕ ಹೇಳಿದಾಗ ಇದು ಜಾರಿಗೆ ಬರುತ್ತದೆ. ಮದುವೆ ಊಟಕ್ಕೋ ಸೈಟು ನೋಡುವುದಕ್ಕೋ ಯಾರಾದರೂ ಕರೆದರೆ ಸೂತ್ರಕ್ಕೆ ರಜೆ. ಎರಡನೆಯದು ‘ಯಾರೂ ಬರೆಯದ್ದನ್ನು ಬರೆ’. ಯಾರೂ ಬರೆದಿಲ್ಲ, ನಿಜ. ಭಾವನೂ ಬರೆದಿಲ್ಲ.

ಕಳೆದ ಶ್ರಾವಣದಲ್ಲಿ ನನ್ನ ತಲೆಯ ಮೇಲೊಂದು ದೀಪಾವಳಿ ವಿಶೇಷಾಂಕದ ಲೇಖನವಿತ್ತು. ನಮ್ಮನೆಗೆ ಬಣ್ಣ ಹೊಡೆಸುತ್ತಿದ್ದೆ. ಅಕ್ಕನ ಮನೆಗೆ ಹೋದೆ. ಬೆಳಿಗ್ಗೆ ಭಾವ ಒಂದು ಕೆಂಪು ಟೈಮರ್ ತಂದು ಮುಂದಿಟ್ಟರು. ‘1980ರ ದಶಕದ ಕೊನೆ. ಇಟಲಿಯಲ್ಲಿ ಫ್ರಾನ್ಚೆಸ್ಕೊ ಚಿರಿಲ್ಲೊ ಅಂತ ಒಬ್ಬ ವಿದ್ಯಾರ್ಥಿ. ಓದೋಕೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ, ನಿನ್ನ ಹಾಗೇ. ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಓದಿದ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಅವರ ಭಾಷೆಯಲ್ಲಿ ಟೊಮೆಟೊಗೆ ಪೊಮೊಡೊರೊ.’ ಇಷ್ಟು ಹೇಳಲು ನಲವತ್ತು ನಿಮಿಷ ಹಿಡಿಯಿತು.

ಕಿರ್ರೆಂದು ತಿರುಗಿಸಿದರು. ಬರೆಯತೊಡಗಿದೆ. ಏಳನೇ ನಿಮಿಷಕ್ಕೆ ಬಾಗಿಲಲ್ಲಿ ತಲೆ: ‘ಏಕಾಗ್ರತೆ ಬಂತೇನಯ್ಯಾ?’ ಬಂದಿತ್ತು, ಹೋಯಿತು. ಹನ್ನೊಂದಕ್ಕೆ ಕಿಟಕಿ ಮುಚ್ಚಲು ಬಂದರು, ಬೀದಿಯ ಸದ್ದು ನನಗೆ ತೊಂದರೆ ಕೊಡದಿರಲೆಂದು. ಹದಿನೆಂಟಕ್ಕೆ ಕಿಟೆಲ್. ‘1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ನಿಘಂಟು ಬಂತು. ಸುಮಾರು 70,000 ಪದ! ಅಷ್ಟನ್ನೂ ಕೂತು ಹೇಗೆ ಮಾಡಿದ ಪುಣ್ಯಾತ್ಮ, ಹೇಳು?’ ಭಾವ ಇಲ್ಲದ ಮನೆಯಲ್ಲಿದ್ದ ಅನ್ನಬೇಕೆಂದು ನಾಲಿಗೆ ತುದಿಗೆ ಬಂತು.

ಅಷ್ಟರಲ್ಲಿ ಒಳಗಿನಿಂದ ಅಕ್ಕ, ‘ನನ್ನ ಇಡ್ಲಿ ಟೈಮರ್ ಯಾರು ತಗೊಂಡಿದ್ದು?’

ಆ ದಿನದ ಇಡ್ಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಿದು ಮುಗಿಸುವ ತನಕ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಏಕಾಗ್ರತೆ ಎಂದರೆ ಏನೆಂದು ಆಗ ತಿಳಿಯಿತು.

ಬೈಯುತ್ತಿದ್ದೇನೆ, ಸರಿ. ನನ್ನ ಡ್ರಾಯರಿನಲ್ಲೂ ಏಳು ಡೈರಿಗಳಿವೆ. ಒಂದರಲ್ಲೂ ಜನವರಿ ಮೂರು ದಾಟಿಲ್ಲ.

ಮಧ್ಯಾಹ್ನ ಅವರು ಮಲಗಿದ್ದಾಗ ಸ್ಟೇಪ್ಲರ್ ಹುಡುಕುತ್ತ ಅವರ ಫೈಲು ಬಿಚ್ಚಿದೆ. ಒಂದೇ ಒಂದು ಪುಟ. ಅವರಜ್ಜ ಆ ಕೆರೆಯ ನೀರುಗಂಟಿಯಂತೆ. ರಾತ್ರಿ ಲಾಟೀನಿಲ್ಲದೆ ಏರಿಯ ಮೇಲೆ ನಡೆದು ಹೋಗಿ ತೂಬು ಎತ್ತುತ್ತಿದ್ದರು. ಕತ್ತಲಲ್ಲಿ ಕೂತು, ನೀರಿನ ಸದ್ದಿನಲ್ಲೇ ಯಾರ ಗದ್ದೆ ತುಂಬಿತು, ಯಾರದು ಇನ್ನೂ ಇಲ್ಲ ಎಂದು ಹೇಳುತ್ತಿದ್ದರು. ಪಕ್ಕದಲ್ಲಿ ಅವರ ಕಿರುಬೆರಳು ಹಿಡಿದ ಹುಡುಗ. ಒಂದು ಪದ ತೆಗೆಯುವಂತಿರಲಿಲ್ಲ, ಸೇರಿಸುವಂತಿರಲಿಲ್ಲ. ಹೊಟ್ಟೆಕಿಚ್ಚಾಯಿತು. ‘ಆಗ ಅಜ್ಜ ನನ್ನ ಕೈಗೆ’ ಎಂಬಲ್ಲಿಗೆ ಪುಟ ನಿಂತಿತ್ತು. ಟೈಮರ್ ಹೊಡೆದಿರಬೇಕು.

ಕದ್ದು ಓದಿದವನು ಕೇಳುವುದು ಹೇಗೆ? ಹೊರಡುವಾಗ ಟೈಮರನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಅಕ್ಕನಿಗೆ ಬೇರೆಯದು ಕೊಡಿಸಿದೆ. ಈಗ ನಾನು ಬರೆಯಲು ಕೂತ ಹೊತ್ತಿಗೆ ಸರಿಯಾಗಿ ಭಾವನ ಫೋನು ಬರುತ್ತದೆ. ಮೊನ್ನೆಯೂ ಬಂತು.

‘ಎಷ್ಟು ಟೊಮೆಟೊ ಆಯ್ತಯ್ಯಾ?’

ತಡೆಯಲಾಗಲಿಲ್ಲ. ‘ಅಜ್ಜ ಕೈಗೆ ಏನು ಕೊಟ್ಟರು ಭಾವ?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಬಿಡುವಿನಲ್ಲಿ ಹೇಳ್ತೀನಿ’ ಎಂದು ಫೋನಿಟ್ಟರು.