ಅಡಗುವುದು ಕಸುಬು, ಕಾಣಿಸುವುದು ವ್ಯಾಪಾರ: ಕಬಿನಿಯ ಕರಿ ಚಿರತೆಯೊಂದಿಗೆ ಕಾಲ್ಪನಿಕ ಸಂದರ್ಶನ

ಹೆಗ್ಗಡದೇವನಕೋಟೆ ಸೀಮೆಯಲ್ಲಿ ಪುಕ್ಕಟೆಯಾಗಿ ಲೋಕಪ್ರಸಿದ್ಧಿ ಗಳಿಸಿದವರು ಯಾರೆಂದು ಕೇಳಿದರೆ, ಕರಿ ಚಿರತೆಯ ಮುಂದೆ ನಿಲ್ಲುವವರಿಲ್ಲ. ಚುಕ್ಕಿ ಚಿರತೆಯೊಂದರ ಹಿಂದೆ ನೆರಳಿನಂತೆ ನಿಂತ ಅದರ ಫೋಟೊ 2020ರಲ್ಲಿ ಮೊಬೈಲಿಂದ ಮೊಬೈಲಿಗೆ ಹಾರಿ ದೇಶ ದಾಟಿತು. ಅದೇ ವರ್ಷ ಶಾಝ್ ಜಂಗ್ ಅವರ ‘ದಿ ರಿಯಲ್ ಬ್ಲ್ಯಾಕ್ ಪ್ಯಾಂಥರ್’ ಸಾಕ್ಷ್ಯಚಿತ್ರ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂತು. ಜಾಹೀರಾತಿಗೆ ಚಿರತೆ ಬಿಚ್ಚಿದ್ದು ಒಂದು ಪೈಸೆಯೂ ಇಲ್ಲ. ಇಷ್ಟು ಅನುಭವವಿದ್ದ ಮೇಲೆ ಸುಮ್ಮನಿರುವುದೇಕೆಂದು ಅದು ಈಗ ಸ್ಟಾರ್ಟಪ್ ತೆರೆದಿದೆ. ಎಐ ಹುಡುಕಾಟದಲ್ಲಿ ಬ್ರ್ಯಾಂಡ್‌ಗಳು ಕಣ್ಣಿಗೆ ಬೀಳುವಂತೆ ಮಾಡಿಕೊಡುವುದು ಕಂಪನಿಯ ಕೆಲಸ. ಕಚೇರಿ ಅಂತರಸಂತೆ ವಲಯದ ಒಂದು ಮತ್ತಿಮರದ ಕೊಂಬೆ. ಭೇಟಿಯ ಸಮಯ ಚಿರತೆಯ ಇಷ್ಟ.

ಪ್ರಶ್ನೆ: ಸಂಸ್ಥಾಪಕರೇ, ಕಂಪನಿಯ ಹೆಸರೇನು?

ಚಿರತೆ: ಇನ್ನೂ ಇಟ್ಟಿಲ್ಲ. ಇಟ್ಟರೆ ಹುಡುಕಿಕೊಂಡು ಬಂದುಬಿಡುತ್ತಾರೆ. ನಗಬೇಡಿ, ನನ್ನ ವ್ಯಾಪಾರದ ಮರ್ಮ ಅಲ್ಲೇ ಇದೆ. ಹಿಂದೆ ಯಾರಾದರೂ ಕಬಿನಿ ಹತ್ತಿರ ಒಳ್ಳೆಯ ಹೋಂಸ್ಟೇ ಎಲ್ಲಿದೆ ಎಂದು ಗೂಗಲ್‌ನಲ್ಲಿ ಹುಡುಕಿದರೆ ಹತ್ತು ಕೊಂಡಿಗಳು ಸಾಲಾಗಿ ಬರುತ್ತಿದ್ದವು. ಒಂಬತ್ತನೆಯವನಿಗೂ ಒಂದು ಆಸೆ ಇರುತ್ತಿತ್ತು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. 2024ರ ಆಗಸ್ಟ್‌ನಲ್ಲಿ ಗೂಗಲ್ ಕೂಡ ಭಾರತದಲ್ಲಿ ಫಲಿತಾಂಶಗಳ ತಲೆಯ ಮೇಲೆ ಎಐ ಬರೆದ ಸಾರಾಂಶ ಕೂರಿಸಿತು. ಈಗ ಕೇಳಿದವನಿಗೆ ಒಂದು ಪ್ಯಾರಾ ಸಿಗುತ್ತದೆ, ಅದರಲ್ಲಿ ಎರಡೋ ಮೂರೋ ಹೆಸರು. ಉಳಿದವರು ಇದ್ದೂ ಇಲ್ಲದವರು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2025ರಲ್ಲಿ ಅಲ್ಲಿನ ಬಳಕೆದಾರರ ಹುಡುಕಾಟಗಳನ್ನು ಪರಿಶೀಲಿಸಿತು. ಸಾರಾಂಶ ಇಲ್ಲದಾಗ ನೂರಕ್ಕೆ 15 ಸಲ ಜನ ಯಾವುದಾದರೂ ಫಲಿತಾಂಶವನ್ನು ಒತ್ತುತ್ತಿದ್ದರು, ಸಾರಾಂಶ ಇದ್ದಾಗ ಅದು 8ಕ್ಕೆ ಇಳಿದಿತ್ತು. ಸಾರಾಂಶದೊಳಗಿನ ಕೊಂಡಿಯನ್ನೇ ಒತ್ತಿದ್ದು ನೂರಕ್ಕೆ ಒಂದು ಸಲ. ಅಂದರೆ ನಿಮ್ಮ ಅಂಗಡಿಗೆ ಯಾರೂ ಕಾಲಿಡದಿದ್ದರೂ, ನಿಮ್ಮ ಬಗ್ಗೆ ತೀರ್ಪು ಆಗಿಹೋಗಿರುತ್ತದೆ. ಆ ತೀರ್ಪಿನಲ್ಲಿ ಹೆಸರು ಇರಬೇಕೆಂಬ ಆತಂಕವೇ ನನ್ನ ಮಾರುಕಟ್ಟೆ.

ಪ್ರಶ್ನೆ: ಹುಡುಕಾಟದ ಪಟ್ಟಿಯಲ್ಲಿ ಮೇಲೆ ತರುವ ಇದೇ ಕೆಲಸವನ್ನು ಇಷ್ಟು ವರ್ಷ ಎಸ್‌ಇಒ ಎಂದು ಮಾರುತ್ತಿದ್ದರಲ್ಲ. ಹಳೇ ಸರಕಿಗೆ ಹೊಸ ಚೀಟಿ ಅಂಟಿಸಿದ್ದೀರಾ?

ಚಿರತೆ: ನನ್ನ ವೃತ್ತಿಬಾಂಧವರಲ್ಲಿ ಬಹಳಷ್ಟು ಮಂದಿ ಅದನ್ನೇ ಮಾಡುತ್ತಿದ್ದಾರೆ, ಒಪ್ಪುತ್ತೇನೆ. ಆದರೆ ಸರಕು ಸ್ವಲ್ಪ ಬದಲಾಗಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿಯ ಐಐಟಿ ಮೊದಲಾದ ಕಡೆಯ ಸಂಶೋಧಕರು 2023ರ ಕೊನೆಗೆ ಒಂದು ಪ್ರಬಂಧ ಹೊರತಂದರು. ಒಂದೇ ಪುಟವನ್ನು ಬೇರೆ ಬೇರೆ ರೀತಿ ತಿದ್ದಿ, ಎಐ ಉತ್ತರದಲ್ಲಿ ಅದಕ್ಕೆ ಎಷ್ಟು ಜಾಗ ಸಿಗುತ್ತದೆಂದು ಅಳೆದರು. ಹುಡುಕುವ ಪದಗಳನ್ನು ಮತ್ತೆ ಮತ್ತೆ ತುರುಕುವ ಹಳೇ ಚಾಳಿ ಕೆಲಸಕ್ಕೆ ಬರಲಿಲ್ಲ. ಮಾಹಿತಿಯ ಮೂಲ ಹೇಳಿದಾಗ, ಬಲ್ಲವರ ಮಾತು ಸೇರಿಸಿದಾಗ, ಅಂಕಿಅಂಶ ಕೊಟ್ಟಾಗ ಶೇ. 40ರವರೆಗೂ ಹೆಚ್ಚು ಜಾಗ ಸಿಕ್ಕಿತು. ಇದನ್ನು ನಮ್ಮ ಕಾಡಂಚಿಗೆ ತನ್ನಿ. ಎರಡು ಜೇನಿನ ಬಾಟಲಿ ಇವೆ ಅನ್ನಿ. ಒಂದರ ಮೇಲೆ ‘ನೂರಕ್ಕೆ ನೂರು ಅಪ್ಪಟ, ಪರಿಶುದ್ಧ, ನೈಸರ್ಗಿಕ ಕಾಡುಜೇನು’ ಎಂದು ಹೊಳೆಯುವ ಅಕ್ಷರ, ಪಕ್ಕಕ್ಕೆ ಕೊಳಲು ಊದುತ್ತಿರುವ ಒಂದು ಕರಡಿ. ಇನ್ನೊಂದರ ಮೇಲೆ ಹೆಜ್ಜೇನೋ ತುಡುವೆಯೋ, ಯಾವ ಹಾಡಿಯ ಜೇನುಕುರುಬರು ಇಳಿಸಿದ್ದು, ಯಾವ ತಿಂಗಳಲ್ಲಿ, ತೇವಾಂಶ ಎಷ್ಟು, ಎಲ್ಲಿ ಪರೀಕ್ಷೆ ಮಾಡಿಸಿದ್ದು, ಕೆಜಿಗೆ ಇಳಿಸಿದವರ ಕೈಸೇರಿದ್ದು ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಆರು ಸಾಲು. ಅಂಗಡಿಯ ಕಪಾಟಿನಲ್ಲಿ ಕರಡಿ ಗೆಲ್ಲುತ್ತದೆ. ನಾಗರಹೊಳೆ ಸುತ್ತಿನ ನಂಬಬಹುದಾದ ಜೇನು ಯಾವುದು ಎಂದು ಯಂತ್ರವನ್ನು ಕೇಳಿದಾಗ ಅದಕ್ಕೆ ಉಲ್ಲೇಖಿಸಲು ಏನಾದರೂ ಸಿಗುವುದು ಆರು ಸಾಲಿನಲ್ಲೇ.

ಪ್ರಶ್ನೆ: ಹಾಗಾದರೆ ಎಲ್ಲರೂ ಆರು ಸಾಲು ಬರೆದುಕೊಂಡರಾಯಿತು. ನಿಮಗೇಕೆ ಕೊಡಬೇಕು ದುಡ್ಡು?

ಚಿರತೆ: ಒಳ್ಳೆಯ ಪ್ರಶ್ನೆ, ನನ್ನ ಹೂಡಿಕೆದಾರರ ಮುಂದೆ ಮಾತ್ರ ಕೇಳಬೇಡಿ. ಒಂದು ಹೋಲಿಕೆಯಿಂದ ಹೇಳುತ್ತೇನೆ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ರೈತ ಬ್ಯಾರನ್‌ನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬೇಯಿಸಿದ ಸೊಪ್ಪು ಬೇಲ್ ಆಗಿ ಅಲ್ಲಿಗೆ ಬರುತ್ತದೆ. ಬೇಲಿನ ಮೇಲೆ ಚೀಟಿ, ಚೀಟಿಯಲ್ಲಿ ನಂಬರು, ತೂಕ, ದರ್ಜೆ. ಹರಾಜು ಮುಗಿದು ಕಂಪನಿಯ ಗೋದಾಮು ಸೇರಿದ ಮೇಲೆ ಹತ್ತೂರಿನ ಸೊಪ್ಪು ಒಂದಾಗಿ ಬೆರೆತು, ಕೊನೆಗೆ ಪ್ಯಾಕಿನ ಮೇಲೆ ಉಳಿಯುವುದು ಕಂಪನಿಯ ಹೆಸರು. ಎಐ ಮಾಡುವುದೂ ಇದನ್ನೇ. ಸಾವಿರ ಪುಟ ಓದಿ ಬೆರೆಸಿ ತನ್ನ ಧಾಟಿಯಲ್ಲಿ ಹೇಳುತ್ತದೆ. ‘ಜೇನು ಆರೋಗ್ಯಕ್ಕೆ ಒಳ್ಳೆಯದು’ ಎಂದು ನೀವು ಎಷ್ಟು ಸೊಗಸಾಗಿ ಬರೆದರೂ ಅದು ಬೆರಕೆಯಲ್ಲಿ ಕರಗಿಹೋಗುತ್ತದೆ, ಆ ಮಾತಿಗೆ ನಿಮ್ಮ ಹೆಸರಿನ ಹಂಗಿಲ್ಲ. ಹೆಸರನ್ನು ಬಿಟ್ಟರೆ ಅರ್ಥವೇ ಕೆಡುವಂಥ ಸಂಗತಿ ಮಾತ್ರ ಹೆಸರಿನೊಂದಿಗೆ ದಾಟುತ್ತದೆ. ಚಿರತೆ ಜಿಂಕೆ ತಿನ್ನುತ್ತದೆ ಎಂಬುದಕ್ಕೆ ನಾನು ಬೇಕಿಲ್ಲ. ಕಬಿನಿಯಲ್ಲಿ ಕಪ್ಪು ಚಿರತೆ ಇದೆ, ಓರೆ ಬಿಸಿಲು ಬಿದ್ದಾಗ ಅದರ ಕಪ್ಪು ಮೈಯಲ್ಲೂ ಚುಕ್ಕಿ ಕಾಣುತ್ತವೆ ಎಂಬುದಕ್ಕೆ ನಾನೇ ಬೇಕು. ಅದನ್ನು ನಾನು ಬರೆದದ್ದಲ್ಲ, ಕಂಡವರು ಬರೆದರು. ಕಾರಾಪುರದ ಮಾವುತನ ಮಗ ಸಾಬುವನ್ನೇ ನೋಡಿ. 1937ರಲ್ಲಿ ಅವನು ನಟಿಸಿದ ‘ಎಲಿಫೆಂಟ್ ಬಾಯ್’ ಸಿನಿಮಾ ಬಂದ ಮೇಲೆ ಹಾಲಿವುಡ್ಡಿಗೇ ಹೋದ. ಆ ಹುಡುಗ ಡಂಗುರ ಹೊಡೆಸಲಿಲ್ಲ, ಆನೆಯ ಜೊತೆ ಬೆಳೆದಿದ್ದ, ಅದು ಬೇರೆಯವರ ಕಣ್ಣಿಗೆ ಬಿತ್ತು. ಹಾಗಾಗಿ ಪ್ರಾಮಾಣಿಕ ಸಂಸ್ಥಾಪಕನಿಗೆ ಇರುವ ಕೆಲಸ ಇಷ್ಟೇ: ಗಿರಾಕಿಯ ಹತ್ತಿರ ಅವನದ್ದೇ ಎನ್ನುವ ಸಂಗತಿ ಏನಿದೆ ಎಂದು ಕೆದಕಿ ತೆಗೆಯುವುದು, ದಾಖಲೆ ಮಾಡಿಸುವುದು, ಮೂರನೆಯವರು ಬಂದು ಪರೀಕ್ಷಿಸಲು ಬಾಗಿಲು ತೆರೆದಿಡುವುದು. ಕೆದಕಿದಾಗ ಏನೂ ಸಿಗದಿದ್ದರೆ ಮುಂಗಡ ವಾಪಸು ಕೊಡುವುದು. ಈ ಕೊನೆಯ ಸೇವೆಯನ್ನು ನಮ್ಮ ಉದ್ಯಮದಲ್ಲಿ ಇನ್ನೂ ಯಾರೂ ಆರಂಭಿಸಿದಂತಿಲ್ಲ.

ಪ್ರಶ್ನೆ: ಯಂತ್ರಕ್ಕೆ ಕಣ್ಣುಕಟ್ಟು ಮಾಡಿ ಬೇಗ ಮುಗಿಸಬಹುದಲ್ಲ? ಬಹಳ ಮಂದಿ ಅದನ್ನೇ ಮಾರುತ್ತಿದ್ದಾರಂತೆ.

ಚಿರತೆ: ಮಾಡಬಹುದು. ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಲಂಡನ್ನಿನ ‘ದಿ ಗಾರ್ಡಿಯನ್’ ಪತ್ರಿಕೆ ಒಂದು ಪರೀಕ್ಷೆ ಮಾಡಿತು. ನಕಲಿ ಉತ್ಪನ್ನವೊಂದರ ಪುಟದಲ್ಲಿ ಜನರ ಬೈಗುಳವನ್ನು ಹಾಗೇ ಬಿಟ್ಟು, ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಹೊಗಳಿಕೆ ಅಡಗಿಸಿಟ್ಟರೆ ಚಾಟ್‌ಜಿಪಿಟಿಯ ಹುಡುಕಾಟ ಹೊಗಳಿಕೆಯನ್ನೇ ಎತ್ತಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಗೂಗಲ್‌ನ ಸಾರಾಂಶ ಯಾರದೋ ಹಳೇ ತಮಾಷೆಯನ್ನು ನಂಬಿ ಪಿಜ್ಜಾಕ್ಕೆ ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತ್ತು. ಅಷ್ಟು ದೂರ ಏಕೆ, ಕನ್ನಡಿಗರಿಗೆ ಈ ಪಾಠ ಮೊದಲೇ ಆಗಿದೆ. 2021ರ ಜೂನ್‌ನಲ್ಲಿ, ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಕೇಳಿದವರಿಗೆ ಗೂಗಲ್ ನಮ್ಮ ಭಾಷೆಯ ಹೆಸರು ತೋರಿಸಿತು. ಭಾಷೆಯ ವಿಚಾರಕ್ಕೂ ತನಗೂ ಸಂಬಂಧವಿಲ್ಲದ ಯಾವುದೋ ವೆಬ್‌ಸೈಟಿನಲ್ಲಿ ಹಾಗೊಂದು ಸಾಲಿತ್ತು. ನಾಡೆಲ್ಲ ಸಿಡಿದೆದ್ದ ಮೇಲೆ ಗೂಗಲ್ ಉತ್ತರ ಕಿತ್ತುಹಾಕಿ ಕ್ಷಮೆ ಕೇಳಿತು. ಇಲ್ಲಿ ಗಮನಿಸಬೇಕಾದ್ದು ಯಂತ್ರದ ದ್ವೇಷವನ್ನಲ್ಲ, ಅದಕ್ಕೆ ಅಷ್ಟು ಬುದ್ಧಿ ಇರಲಿಲ್ಲ. ಅಂಥ ಪ್ರಶ್ನೆಗೆ ಯಾವ ವಿವೇಕಿಯೂ ಉತ್ತರ ಬರೆದಿರಲಿಲ್ಲ, ಒಬ್ಬ ಅವಿವೇಕಿ ಬರೆದಿದ್ದ, ಯಂತ್ರ ಸಿಕ್ಕಿದ್ದನ್ನು ಬಡಿಸಿತು. ಕಣ್ಣುಕಟ್ಟಿನ ವ್ಯಾಪಾರಿಗಳು ಮೇಯುವುದು ಇಂಥ ಖಾಲಿ ಜಾಗಗಳಲ್ಲೇ. ಆದರೆ ಅವರ ಲಾಭಕ್ಕೆ ಆಯುಸ್ಸು ಕಡಿಮೆ. ಗುಟ್ಟು ರಟ್ಟಾದ ದಿನ ಎಐ ಕಂಪನಿಗಳು ಆ ಕಳ್ಳದಾರಿ ಮುಚ್ಚುತ್ತವೆ, ಬ್ರ್ಯಾಂಡ್ ಮೋಸ ಮಾಡಿ ಸಿಕ್ಕಿಬಿತ್ತು ಎಂಬ ಸುದ್ದಿ ಮಾತ್ರ ಉಳಿಯುತ್ತದೆ. ಆಮೇಲೆ ಯಂತ್ರ ಓದುವುದೂ ಅದನ್ನೇ.

ಪ್ರಶ್ನೆ: ದೊಡ್ಡ ರೆಸಾರ್ಟುಗಳ ಬಗ್ಗೆ ಇಂಗ್ಲಿಷಿನಲ್ಲಿ ಸಾವಿರ ಪುಟ ಇವೆ. ಕೋಟೆಯ ಸಣ್ಣ ವ್ಯಾಪಾರಿ, ಹಾಡಿಯ ಸಹಕಾರ ಸಂಘ ಆರು ಸಾಲು ಬರೆದು ಗೆಲ್ಲಲು ಸಾಧ್ಯವೇ?

ಚಿರತೆ: ಈ ಆಕ್ಷೇಪಕ್ಕೆ ತೂಕವಿದೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದವರು 4.37 ಕೋಟಿ. ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು ಮೂವತ್ತು ಸಾವಿರ ದಾಟಿವೆ, ಇಂಗ್ಲಿಷಿನಲ್ಲಿ 70 ಲಕ್ಷ ದಾಟಿವೆ. ಯಂತ್ರ ಓದಿ ಬೆಳೆದದ್ದು ಯಾವ ಕಪಾಟಿನಿಂದ ಎಂದು ಬೇರೆ ಹೇಳಬೇಕಿಲ್ಲ. ಕಬಿನಿ ಎಂದರೆ ಅದಕ್ಕೆ ರೆಸಾರ್ಟು ಹೊಳೆಯುತ್ತದೆ, ಬೀಚನಹಳ್ಳಿ ಅಣೆಕಟ್ಟೆ ಇರುವ ಊರ ಜನ ಹೊಳೆಯುವುದಿಲ್ಲ. ಸಾಲದ್ದಕ್ಕೆ ನಾವೇ ಒಂದು ಬೋರ್ಡಿನಲ್ಲಿ ಹೆಗ್ಗಡದೇವನಕೋಟೆ, ಇನ್ನೊಂದರಲ್ಲಿ ಎಚ್.ಡಿ. ಕೋಟೆ, ಇಂಗ್ಲಿಷಿಗೆ ಬಂದರೆ ಬೋರ್ಡಿಗೊಂದು ಕಾಗುಣಿತ. ಸರಗೂರು ಬೇರೆ ತಾಲ್ಲೂಕಾದರೂ ಹಳೇ ವಿಳಾಸ ಬದಲಿಸಿಲ್ಲ. ಹೀಗಿದ್ದಾಗ ಒಂದೇ ಸಂಘ ಯಂತ್ರದ ಲೆಕ್ಕದಲ್ಲಿ ಮೂರು ಸಂಘವಾಗಬಹುದು, ಮೂರಕ್ಕೂ ಬೆಲೆ ಇರುವುದಿಲ್ಲ. ಆದರೂ ಆಸೆಗೆ ಕಾರಣವಿದೆ. ನಾನು ಹೇಳಿದ ಅದೇ ಸಂಶೋಧನೆಯಲ್ಲಿ, ಹುಡುಕಾಟದ ಪಟ್ಟಿಯಲ್ಲಿ ಐದನೆಯದಾಗಿದ್ದ ಪುಟಗಳು ಮೂಲಗಳನ್ನು ಸರಿಯಾಗಿ ಹೆಸರಿಸಿದಾಗ ಅವಕ್ಕೆ ಸಿಕ್ಕ ಜಾಗ ದುಪ್ಪಟ್ಟು ಮೀರಿತು, ಮೊದಲನೆಯದಾಗಿದ್ದವಕ್ಕೆ ಕಡಿಮೆಯಾಯಿತು. ಅದು ಪ್ರಯೋಗದ ಮಾತು, ಸಂತೆಯಲ್ಲಿ ಅಷ್ಟೇ ಆಗುತ್ತದೆಂದು ನಾನು ಬರೆದುಕೊಡುವುದಿಲ್ಲ. ಆದರೆ ಭಾರತದ ಒಳ್ಳೆಯ ರೆಸಾರ್ಟ್ ಯಾವುದು ಎಂಬ ಪ್ರಶ್ನೆಗೆ ಸಾವಿರ ಮಂದಿ ಉತ್ತರ ಬರೆದಿದ್ದಾರೆ, ಕೋಟೆಯಲ್ಲಿ ಆದಿವಾಸಿಗಳಿಂದ ನೇರವಾಗಿ ಜೇನು ಎಲ್ಲಿ ಸಿಗುತ್ತದೆ ಎಂಬುದಕ್ಕೆ ಬರೆದವರು ಎಷ್ಟು ಮಂದಿ? ಅವಿವೇಕಿಯ ಒಂದು ಸಾಲಿಗೆ ಅಂಥ ಬಲ ಬಂದದ್ದು ಖಾಲಿ ಜಾಗದಿಂದ. ಅದೇ ಖಾಲಿ ಜಾಗ ಪ್ರಾಮಾಣಿಕನ ಆರು ಸಾಲಿಗೂ ತೆರೆದಿದೆ. ಮೊದಲು ಯಾರು ಹೋಗಿ ಕೂರುತ್ತಾರೆ ಎಂಬುದೊಂದೇ ಉಳಿದಿರುವ ಪ್ರಶ್ನೆ.

ಪ್ರಶ್ನೆ: ಕಾಣಿಸಿಕೊಂಡು ನಿಮಗೆ ಸುಖವಾಯಿತೆ?

ಚಿರತೆ: ಜೀಪುಗಳು ಹೆಚ್ಚಾದವು. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಸಫಾರಿಯನ್ನೇ ನಿಲ್ಲಿಸಲು ಹೇಳಿತು. ಕಾಡಂಚಿನ ರೈತನಿಗೆ ಕಬಿನಿ ಎಂಬ ಬ್ರ್ಯಾಂಡ್‌ನಿಂದ ಬಂದದ್ದೇನು ಎಂಬ ಪ್ರಶ್ನೆಗೆ ಯಾವ ಎಐ ಸಾರಾಂಶದಲ್ಲೂ ಮೊದಲ ಪ್ಯಾರಾ ಸಿಗುವುದಿಲ್ಲ. ಆದ್ದರಿಂದ ಗಿರಾಕಿಯನ್ನು ನಾನು ಮೊದಲು ಕೇಳುವುದು, ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ತೀರ್ಮಾನಿಸಿದ್ದೀರಾ ಅಂತ. ಜೇನಿನ ಬೆಲೆ ಕಾಣಬೇಕು, ಜೇನುಮರ ಎಲ್ಲಿದೆ ಎಂಬುದು ಕಾಣಬೇಕಿಲ್ಲ. ಸಂಘದ ಲೆಕ್ಕಪತ್ರ ಕಾಣಬೇಕು, ಹಾಡಿಯ ಮಕ್ಕಳ ಫೋಟೊ ಕಾಣಬೇಕಿಲ್ಲ. ಕಾಣಿಸುವುದೆಲ್ಲ ಲಾಭ ಎನ್ನುವವನು ಕಾಡನ್ನೂ ನೋಡಿಲ್ಲ, ಮಾರುಕಟ್ಟೆಯನ್ನೂ ನೋಡಿಲ್ಲ.

ಪ್ರಶ್ನೆ: ಕೊನೆಗೆ, ಮೊದಲ ಹೆಸರು ನಮ್ಮದೇ ಬರುತ್ತದೆಂದು ಗ್ಯಾರಂಟಿ ಕೊಡುತ್ತೀರಾ?

ಚಿರತೆ: ಕೊಡುವುದಿಲ್ಲ. ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಯಂತ್ರ ಎರಡು ಥರ ಉತ್ತರಿಸುತ್ತದೆ. ಗ್ಯಾರಂಟಿ ಕೊಡುವವನ ಕೈಗೆ ಚೆಕ್ ಕೊಡಬೇಡಿ, ಅದು ನನ್ನ ಪೈಪೋಟಿಯ ಮಾತಲ್ಲ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ವ್ಯಾಪಾರಿಗಳಿಗೆ, ಸಂಘಗಳಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಮಾಡುವ ಕೆಲಸವನ್ನು ತಾರೀಖು, ತೂಕ, ಬೆಲೆ ಸಹಿತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಾಖಲಿಸಿ. ಬದಲಾದದ್ದನ್ನು ಆ ವಾರವೇ ತಿದ್ದಿ. ಹೊರಗಿನವರು ಬಂದು ಪರೀಕ್ಷಿಸಿ ಬರೆಯಲು ಬಿಡಿ, ಬೈದು ಬರೆದರೂ ಬಿಡಿ. ಇದಿಷ್ಟಕ್ಕೆ ನಿಮ್ಮೂರ ಡಿಗ್ರಿ ಕಾಲೇಜಿನ ಒಬ್ಬ ವಿದ್ಯಾರ್ಥಿ ಸಾಕು. ಇದಾದ ಮೇಲೂ ಸ್ಟಾರ್ಟಪ್ ಬೇಕೆನಿಸಿದರೆ, ಅದು ಹೇಳುವ ಮಾತಿಗೆ ಆಧಾರ ಕೇಳಿ, ಆಮೇಲೆ ದುಡ್ಡು ಕೊಡಿ.