ಗೋವಾ ರಸ್ತೆಯ ಅಭಾವ ಪ್ರಕರಣ

ಇಲ್ಲದ್ದನ್ನು ಇರುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ವಿಂಗಡಿಸಿದವರು ನಮ್ಮ ತಾರ್ಕಿಕರು. ಅನ್ನಂಭಟ್ಟನ ‘ತರ್ಕಸಂಗ್ರಹ’ ಅಭಾವವನ್ನೂ ಒಂದು ಪದಾರ್ಥವೆಂದೇ ಎಣಿಸಿ ಅದಕ್ಕೆ ನಾಲ್ಕು ಭೇದ ಹೇಳುತ್ತದೆ: ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ. ಪಾಠಶಾಲೆಗಳಲ್ಲಿ ಇವನ್ನು ವಿವರಿಸಲು ಅಂದಿನಿಂದ ಇಂದಿನವರೆಗೆ ಅದೇ ಗಡಿಗೆಯನ್ನು ಒಡೆಯುತ್ತ ಬಂದಿದ್ದಾರೆ. ಗಡಿಗೆಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಗೋವಾದ ಲೋಕೋಪಯೋಗಿ ಇಲಾಖೆಯನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದೆಂದು ವಿದ್ವಾಂಸರಲ್ಲಿ ಅರಿಕೆ.

ಪ್ರಾಗಭಾವವೆಂದರೆ ವಸ್ತು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಅದಕ್ಕೆ ಆದಿಯಿಲ್ಲ, ಅಂತ್ಯ ಉಂಟು ಎನ್ನುತ್ತದೆ ಶಾಸ್ತ್ರ. ಮಂಜೂರಾಗಿ ಭರ್ತಿಯಾಗದ ಜೂನಿಯರ್ ಎಂಜಿನಿಯರ್ ಹುದ್ದೆ ಇದಕ್ಕೆ ಸೇರಿದ್ದು. ಅಂತ್ಯ ಬಂತು ಎನ್ನುವಾಗಲೇ, 2021ರ ಡಿಸೆಂಬರಿನಲ್ಲಿ, ಪಣಜಿಯ ಆಡಳಿತ ಪಕ್ಷದ ಶಾಸಕರೇ ಎದ್ದು ಈ ಇಲಾಖೆಯ ಹುದ್ದೆಗಳು ಮಾರಾಟವಾಗಿವೆ ಎಂದು ಆರೋಪಿಸಿದರು. ಸಚಿವರು ಅಲ್ಲಗಳೆದರು. ಯಾರ ಮಾತು ನಿಜವೆಂಬುದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಹುಟ್ಟದ ಗಡಿಗೆಗೆ ಬೆಲೆ ಕಟ್ಟುವ ಮಾತು ಅನ್ನಂಭಟ್ಟನಿಗೂ ಹೊಳೆದಿರಲಿಲ್ಲ. ನೇಮಕಾತಿಯನ್ನು ಇಲಾಖೆಗಳ ಕೈಯಿಂದ ತೆಗೆದು ಸಿಬ್ಬಂದಿ ಆಯ್ಕೆ ಆಯೋಗಕ್ಕೆ ಒಪ್ಪಿಸಲು 2019ರಲ್ಲೇ ಕಾಯ್ದೆಯಾಗಿತ್ತು ಎಂಬುದನ್ನು ಟಿಪ್ಪಣಿಯಲ್ಲಿ ಸೇರಿಸಿಕೊಳ್ಳತಕ್ಕದ್ದು.

ಪ್ರಧ್ವಂಸಾಭಾವ ಇದಕ್ಕೆ ತದ್ವಿರುದ್ಧ. ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಆದಿ ಎಂದರೆ ನಿವೃತ್ತಿಯ ದಿನದ ಶಾಲು, ಹಾರ, ಫಲತಾಂಬೂಲ. ಒಂದು ಕಾಲಕ್ಕೆ ರಸ್ತೆಗೆ ಗ್ಯಾಂಗ್‌ಮನ್ ಎಂಬುವನೊಬ್ಬನಿದ್ದ, ನಮ್ಮ ಕಡೆ ಇವನನ್ನು ನೋಡಿದವರು ಇನ್ನೂ ಇದ್ದಾರೆ. ಇಂತಿಷ್ಟು ಕಿಲೋಮೀಟರು ಅವನ ಪಾಲಿಗೆ. ಗುದ್ದಲಿ, ಸಲಿಕೆ, ಬುಟ್ಟಿ ಅವನ ಆಸ್ತಿ. ಮೇ ತಿಂಗಳಲ್ಲಿ ಚರಂಡಿಯ ಹೂಳು, ಗೇರಿನ ಎಲೆ ತೆಗೆದು ನೀರಿಗೆ ದಾರಿ ಬಿಡುವುದು, ರಸ್ತೆಯಂಚಿನ ಮಣ್ಣು ಕೆತ್ತುವುದು, ಹಿಡಿಯಷ್ಟು ಜಲ್ಲಿ ಎದ್ದಿದ್ದರೆ ಅಂದೇ ಕೂರಿಸುವುದು ಅವನ ಕೆಲಸ. ಯಾವ ಎಂಜಿನಿಯರಿಂಗ್ ಪುಸ್ತಕ ತೆರೆದರೂ ಒಂದೇ ಮಾತು: ಡಾಂಬರಿಗೆ ಲಾರಿಗಿಂತ ದೊಡ್ಡ ಶತ್ರು ನಿಂತ ನೀರು. ಅದು ಜಲ್ಲಿಗೂ ಡಾಂಬರಿಗೂ ಇರುವ ನಂಟನ್ನೇ ಬಿಡಿಸುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಗ್ಯಾಂಗ್‌ಮನ್ ನಿವೃತ್ತನಾದ, ಮಿತವ್ಯಯದ ಹೆಸರಿನಲ್ಲಿ ಅವನ ಜಾಗಕ್ಕೆ ಯಾರೂ ಬರಲಿಲ್ಲ. ಚರಂಡಿ ಕಟ್ಟಿತು, ನೀರು ರಸ್ತೆಗೆ ಹತ್ತಿತು, ಗುಂಡಿ ಬಿತ್ತು. ಆದ್ದರಿಂದ ಲಕ್ಷಣವಾಕ್ಯ ಹೀಗೆ: ಗುಂಡಿಯೆಂದರೆ ಗ್ಯಾಂಗ್‌ಮನ್ನಿನ ಪ್ರಧ್ವಂಸಾಭಾವದ ಸಾಕಾರ ರೂಪ.

ಇಲ್ಲೊಂದು ಹಳೆಯ ಜಗಳವನ್ನೂ ತೀರಿಸಬಹುದು. ಅಭಾವ ಪ್ರತ್ಯಕ್ಷದಿಂದಲೇ ತಿಳಿಯುತ್ತದೆ ಎನ್ನುತ್ತಾರೆ ನೈಯಾಯಿಕರು. ಅಲ್ಲ, ಅದಕ್ಕೆ ಅನುಪಲಬ್ಧಿ ಎಂಬ ಬೇರೆ ಪ್ರಮಾಣವೇ ಬೇಕು ಎನ್ನುತ್ತಾರೆ ಭಾಟ್ಟ ಮೀಮಾಂಸಕರು. ಜುಲೈ ತಿಂಗಳಲ್ಲಿ ನೀರು ತುಂಬಿದ ಗುಂಡಿಯ ಮುಂದೆ ಇಬ್ಬರೂ ಸೋತರು. ಸ್ಕೂಟರ್ ಸವಾರನಿಗೆ ಅದು ತಿಳಿಯುವುದು ಬೆನ್ನುಮೂಳೆಯಿಂದ.

ಅತ್ಯಂತಾಭಾವ ಮೂರು ಕಾಲದಲ್ಲೂ ಇಲ್ಲದ್ದು, ಗಾಳಿಗೆ ಬಣ್ಣವಿಲ್ಲದ ಹಾಗೆ. ದುರಸ್ತಿಯ ಹಣ ಈ ಜಾತಿಯದು. ಸರ್ಕಾರಿ ಲೆಕ್ಕದಲ್ಲಿ ರಸ್ತೆಗೆ ಎರಡು ಶೀರ್ಷಿಕೆ: ಹೊಸ ರಸ್ತೆ, ಹೊಸ ಸೇತುವೆಗೆ 5054, ಇದ್ದದ್ದನ್ನು ನೋಡಿಕೊಳ್ಳಲು 3054. ಕತ್ತರಿ ಹಿಡಿದ ಹಣಕಾಸು ಇಲಾಖೆ ಸಂಬಳ, ಪಿಂಚಣಿ ಮುಟ್ಟುವಂತಿಲ್ಲ. 5054ಕ್ಕೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಈಚೆಗೆ ರಾಜ್ಯಗಳ ಬಂಡವಾಳ ಕೆಲಸಕ್ಕೆ ಕೇಂದ್ರದ 50 ವರ್ಷದ ಬಡ್ಡಿಯಿಲ್ಲದ ಸಾಲವೂ ಇದೆ. 2019ರ ಜನವರಿಯಲ್ಲಿ ಮಾಂಡವಿಯ ಮೇಲೆ ಐದು ಕಿಲೋಮೀಟರಿನ ಅಟಲ್ ಸೇತು ತೆರೆದಾಗ ಜನ ಜಾತ್ರೆಯಂತೆ ನೋಡಲು ಹೋದರು. ಚರಂಡಿ ಬಳಿದದ್ದನ್ನು ನೋಡಲು ಜಾತ್ರೆ ಸೇರುತ್ತದೆಯೇ? ಕತ್ತರಿ ಹೋಗುವುದು 3054ರ ಕಡೆಗೇ.

ಪೂರ್ವಪಕ್ಷಿ ಕೇಳುತ್ತಾನೆ: ಮಾರ್ಚಿನಲ್ಲಿ ಹಣ ಬರುತ್ತದಲ್ಲ? ಬರುತ್ತದೆ. ಗುಂಡಿ ಬರುವುದು ಜೂನಿನಲ್ಲಿ. ಜೂನಿನಲ್ಲಿ ಮಳೆಗೆ ಹಾಟ್‌ಮಿಕ್ಸ್ ಪ್ಲಾಂಟ್ ಬಂದ್. ಗಣೇಶ ಚತುರ್ಥಿಯೊಳಗೆ ಮುಚ್ಚುತ್ತೇವೆ ಎಂಬ ಭರವಸೆ ನಡುವೆ ಒಮ್ಮೆ ಬಂದು ಹೋಗುತ್ತದೆ, ಗಣಪನ ಹಾಗೆಯೇ. 2024ರಲ್ಲಿ ಮುಖ್ಯಮಂತ್ರಿಗಳು ಕೆಟ್ಟ ರಸ್ತೆಗಾಗಿ 30 ಗುತ್ತಿಗೆದಾರರಿಗೆ, 27 ಎಂಜಿನಿಯರರಿಗೆ ಕಾರಣ ಕೇಳಿ ನೋಟಿಸ್ ಕೊಡಿಸಿದರು. ಕಾರಣ ಕೇಳುವುದು ತರ್ಕಶಾಸ್ತ್ರದ ಕೆಲಸವಾದ್ದರಿಂದ ನಮಗೆ ಸಂತೋಷವೇ. ಬಜೆಟ್ಟಿಗೆ ಯಾರೂ ನೋಟಿಸ್ ಕೊಟ್ಟಂತಿಲ್ಲ. ನಿಜ ಹೇಳಬೇಕೆಂದರೆ ಗೋವಾದ ಕೆಲವು ರಸ್ತೆಗಳಿಗೆ ಬರಗಾಲವೇ ಒಳ್ಳೆಯದು ಮಾಡಿದ್ದುಂಟು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು, ಖಜಾನೆ ಸೊರಗಿತು. ಜೊತೆಗೆ ಅದಿರು ಲಾರಿಗಳೂ ನಿಂತು ಗಣಿ ಸೀಮೆಯ ಡಾಂಬರು ಉಸಿರು ಬಿಟ್ಟಿತು.

ಅನ್ಯೋನ್ಯಾಭಾವಕ್ಕೆ ಹೆಚ್ಚು ಮಾತು ಬೇಡ: ಇದು ಅದಲ್ಲ, ಅದು ಇದಲ್ಲ. ಮೊದಲು ರಸ್ತೆ ಹಾಕುವವರೂ ಪೈಪಿಗಾಗಿ ಅದನ್ನೇ ಅಗೆಯುವವರೂ ಒಂದೇ ಇಲಾಖೆ. ಈಗ ಕುಡಿಯುವ ನೀರು ಬೇರೆ ಮನೆ ಮಾಡಿಕೊಂಡಿದೆ. ಬೆರಳು ತೋರಿಸಲು ಎರಡು ಕಡೆ ಜಾಗವಾಯಿತು.

ವರ್ಗೀಕರಣ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇದ್ದೂ ಪಟ್ಟಿಯಲ್ಲಿಲ್ಲದವರನ್ನು ಎಲ್ಲಿ ಸೇರಿಸುವುದು? ಸಂಬಳ ಇಲಾಖೆಯ ಲೆಕ್ಕದಿಂದಲ್ಲ, ಕಾಮಗಾರಿಯ ಅಂದಾಜಿನಿಂದ ಬರುವ ವರ್ಕ್‌ಚಾರ್ಜ್‌ನವರಿದ್ದಾರೆ, ಕಾರ್ಮಿಕ ಪೂರೈಕೆ ಸೊಸೈಟಿಯ ಮೂಲಕ ಬಂದು ಅಲ್ಲಿಯೇ ತಲೆ ನರೆತವರಿದ್ದಾರೆ. ಖಾಯಂ ಸಾಹೇಬರು ವರ್ಗವಾಗಿ ಹೋಗುತ್ತಾರೆ, ಹಂಗಾಮಿಯವನು ಹೋಗುವುದಿಲ್ಲ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು, ಅದೂ ನಮ್ಮ ಕರ್ನಾಟಕದ್ದೇ ಮೊಕದ್ದಮೆ, ನಿಯಮ ಮೀರಿ ಒಳಬಂದವರಿಗೆ ಖಾಯಮಾತಿಯ ಹಕ್ಕಿಲ್ಲ ಎಂದಿತು. ಹತ್ತು ವರ್ಷ ದುಡಿದವರಿಗೆ ಒಂದು ಸಲದ ಕಿಂಡಿ ಮಾತ್ರ ಬಿಟ್ಟಿತು.

ಅವರಿಗೂ ಆಚೆ ಇನ್ನೊಂದು ಸಾಲು. ಮಳೆ ನಿಂತ ಮೇಲೆ ವಿಜಯಪುರ, ಬಾಗಲಕೋಟೆ, ಕೊಪ್ಪಳ ಕಡೆಯಿಂದ ಘಟ್ಟವಿಳಿದು ಬರುವ ಗ್ಯಾಂಗು. ಊರಿನವರು ಅವರನ್ನು ಕರೆಯುವುದು ಘಾಟಿ ಎಂದು. ಮುಕಾದಮನ ನೋಟ್‌ಬುಕ್ಕಿನಲ್ಲಿ ಅವರ ಹೆಸರುಗಳಿವೆ. ಇಲಾಖೆಯ ಅಳತೆ ಪುಸ್ತಕದಲ್ಲಿ (ಎಂ.ಬಿ.) ಇರುವುದು ಉದ್ದ, ಅಗಲ, ದಪ್ಪ. ಫೋಂಡಾದ ಬಳಿ ಕುದಿಯುವ ಡಾಂಬರಿನ ಪಕ್ಕ, ಕಾಲಿಗೆ ಗೋಣಿ ಸುತ್ತಿಕೊಂಡು ನಿಂತಿದ್ದ ಒಬ್ಬರನ್ನು ಶಾಸ್ತ್ರದ ಪೂರ್ಣತೆಗಾಗಿ ಕೇಳಿದೆ: “ನೀವು ಯಾವ ಡಿಪಾರ್ಟ್‌ಮೆಂಟಿನವರು ಯಜಮಾನ್ರೆ?”

“ನಾವು ಡಾಂಬರಿನವರ್ರೀ,” ಅಂದರು. “ಸ್ವಲ್ಪ ಆಕಡಿ ಸರೀರಿ, ರೋಲರ್ ಬರಾಕತ್ತೈತಿ.”