ಹಪ್ಪಳಛಾಯಾಭೇದ ಮೀಮಾಂಸೆ

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿಲ್ಲದ ವಿಚಾರ ಶಾಸ್ತ್ರವಾಗದು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ವಿಷಯ ಹಲಸಿನ ಹಪ್ಪಳ. ಸಂಶಯ ಇಷ್ಟೇ: ಬಾಯಿಗೆ ಹಾಕಿದರೆ ಪಕ್ಕದ ಮನೆಗೂ ಕೇಳಿಸುವಂತೆ ಕುರುಕುರು ಎನ್ನುವ ಈ ವಸ್ತು, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಾತ್ರ ಸವೆದ ಚಪ್ಪಲಿಯ ಅಟ್ಟೆಯ ಹಾಗೆ ಏಕೆ ಕಾಣುತ್ತದೆ? ಅತ್ತೆಯವರು ಕಾರ್ಕಳದಲ್ಲಿ ಒಣಗಿಸಿ, ಮಾರಿಕೊಡಿ ಎಂದು ಕಳಿಸಿದ ಹಪ್ಪಳದ ಕಟ್ಟುಗಳ ನಡುವೆ, ಮಣಿಪಾಲದ ಒಂದು ಬಾಡಿಗೆ ಮನೆಯಲ್ಲಿ ಕುಳಿತು, ಖರ್ಚಿಲ್ಲದ ಬೆಳಕು ಮತ್ತು ಬಿಟ್ಟಿ ಹಿನ್ನೆಲೆಗಳನ್ನು ಕುರಿತು ನಾವು ನಡೆಸಿದ ವಿಚಾರ ಇಲ್ಲಿದೆ. (ಕರ್ತೃ ಒಬ್ಬನೇ ಇದ್ದರೂ ಶಾಸ್ತ್ರದಲ್ಲಿ ಬಹುವಚನ. ಮನೆಯಲ್ಲಿ ಈ ಬಹುವಚನಕ್ಕೆ ಮಾನ್ಯತೆ ಸಿಕ್ಕಿಲ್ಲ.)

ಗ್ರಂಥದ ಆರಂಭದಲ್ಲಿ ಅಧಿಕಾರಿ ಯಾರೆಂದು ಹೇಳಬೇಕು. ಲೈಟ್‌ಸ್ಟ್ಯಾಂಡು, ಸಾಫ್ಟ್‌ಬಾಕ್ಸು ಮುಂತಾದವನ್ನು ಅಂಗಡಿಯಿಂದ ತರಬಲ್ಲವರು ಇದನ್ನು ಓದಲು ಅನರ್ಹರು. ಅವರಿಗೆ ದುಡ್ಡೇ ಗುರು. ಒಂದು ಮೊಬೈಲು, ಒಂದು ಕಿಟಕಿ, ಒಗೆದ ಒಂದು ಮುಂಡು, ಇವನ್ನೆಲ್ಲ ಸಹಿಸಿಕೊಳ್ಳುವ ಮನೆಯವರು: ಈ ಸಾಧನಚತುಷ್ಟಯ ಉಳ್ಳವರು ಮುಂದೆ ಬರಬಹುದು. ಸಾಧನಚತುಷ್ಟಯ ಎಂಬ ಮಾತು ಎದುರು ಪಕ್ಷದ ಅದ್ವೈತಿಗಳದು. ಸಾಲ ತಂದಿದ್ದೇವೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತೇವೆ.

ಏಕೆಂದರೆ ಮಣಿಪಾಲ ಇರುವುದು ದ್ವೈತದ ಸೀಮೆಯಲ್ಲಿ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಹುಟ್ಟಿದ ಪಾಜಕ ಇಲ್ಲೇ ಉಡುಪಿಯ ಹತ್ತಿರ. ಆಚಾರ್ಯರು ಐದು ಭೇದ ಹೇಳಿದರು: ಜೀವಕ್ಕೂ ಈಶ್ವರನಿಗೂ, ಜೀವಕ್ಕೂ ಜೀವಕ್ಕೂ, ಜಡಕ್ಕೂ ಈಶ್ವರನಿಗೂ, ಜಡಕ್ಕೂ ಜೀವಕ್ಕೂ, ಜಡಕ್ಕೂ ಜಡಕ್ಕೂ. ಮೊದಲ ನಾಲ್ಕು ದೊಡ್ಡವರ ಪಾಲಿನವು. ಕೊನೆಯದಕ್ಕೆ ವಾದ ಮಾಡಲು ಅಷ್ಟಾಗಿ ಜನ ಬಾರದಿರುವುದನ್ನು ನೋಡಿ ನಾವು ಅದನ್ನು ಅಡುಗೆಮನೆಗೆ ಕರೆತಂದೆವು. ಹಪ್ಪಳ ಒಂದು ಜಡ. ಅದರ ಹಿಂದಿನ ಹಾಸು ಇನ್ನೊಂದು ಜಡ. ಇವೆರಡರ ಭೇದ ಕಣ್ಣಿಗೆ ಹೊಡೆಯದಿದ್ದರೆ ಅದು ಫೋಟೋ ಆಗದು. ನಮ್ಮ ಇಡೀ ಶಾಸ್ತ್ರದ ಬೇರು ಇದು. ಕ್ಯಾಮೆರಾದ ಬೆಲೆ, ಮೆಗಾಪಿಕ್ಸೆಲಿನ ಲೆಕ್ಕ ಎಲ್ಲವೂ ಆಮೇಲಿನ ಗದ್ದಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಅಮೆಜಾನ್ ಎಂಬ ಸ್ಮೃತಿಕಾರರ ವಿಧಿಯಂತೆ ಮುಖ್ಯ ಚಿತ್ರದ ಹಿನ್ನೆಲೆ ಶುದ್ಧ ಬಿಳಿ ಇರತಕ್ಕದ್ದು. ಅಂದರೆ ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚೌಕಟ್ಟಿನ ಶೇ. 85 ಭಾಗ ತುಂಬತಕ್ಕದ್ದು. ಇದು ಅಪ್ಪಟ ಅದ್ವೈತ. ಈ ವಿಧಿಯನ್ನು ನಂಬಿ ನಾವು ಅಕ್ಕಿ ಸಂಡಿಗೆಯನ್ನು ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆದಾಗ ಸಂಡಿಗೆಯು ಹಾಳೆಯಲ್ಲಿ ಲೀನವಾಗಿ ಮೋಕ್ಷ ಪಡೆಯಿತು. ಗಿರಾಕಿಗೆ ಕಂಡದ್ದು ಖಾಲಿ ಪುಟ ಮತ್ತು ಬೆಲೆ.

ಸಿದ್ಧಾಂತ: ಬಿಳಿಯ ಮೇಲೆ ಬಿಳಿ ಕಾಣಬೇಕಾದರೆ ಅಂಚಿಗೆ ಕಪ್ಪು ಬೇಕು. ವಸ್ತುವಿನ ಎಡಬಲಗಳಲ್ಲಿ, ಚೌಕಟ್ಟಿನಿಂದ ಸ್ವಲ್ಪ ಹೊರಗೆ, ಕಪ್ಪು ಬಟ್ಟೆ ಅಥವಾ ಕಪ್ಪು ರಟ್ಟು ನಿಲ್ಲಿಸಿದರೆ ಸಂಡಿಗೆಯ ಬದಿಗಳು ಆ ಕಪ್ಪನ್ನು ಹೀರಿಕೊಂಡು ಗೆರೆ ಎಳೆದಂತೆ ಎದ್ದು ಬರುತ್ತವೆ. ಉಡುಪಿ ಜಿಲ್ಲೆಯಲ್ಲಿ ಕಪ್ಪು ಬಟ್ಟೆಗೆ ಬರವಿಲ್ಲ. ಕಡ್ಡಿ ಮುರಿದ ಕೊಡೆ ಇಲ್ಲದ ಮನೆಯೇ ಇಲ್ಲ. ಒಳಮೈಗೆ ಬೆಳ್ಳಿ ಬಣ್ಣ ಹಚ್ಚಿದ ಕೊಡೆಯಾದರೆ ಒಂದು ಕಡೆ ಕತ್ತಲು, ತಿರುಗಿಸಿದರೆ ಬೆಳಕು. ಇಂಥ ಉಭಯವೇದಾಂತಿಯನ್ನು ಗುಜರಿಗೆ ಹಾಕುವವರಿಗೆ ಪ್ರಾಯಶ್ಚಿತ್ತ ವಿಧಿಸಬೇಕು.

ಇನ್ನೊಂದು ಆಕ್ಷೇಪ: "ಬಿಳಿ ಹಾಳೆ ಇಟ್ಟರೂ ಫೋಟೋದಲ್ಲಿ ಬೂದಿ ಬಣ್ಣ ಬರ್ತದಲ್ಲ ಮಾರಾಯ್ರೆ?" ಉತ್ತರ: ಕ್ಯಾಮೆರಾ ಸ್ವಭಾವತಃ ಮಧ್ಯಮಮಾರ್ಗಿ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಬೂದುಬಣ್ಣವೇ ಎಂದು ಅದರ ನಂಬಿಕೆ. ಬಿಳಿ ಕಂಡರೆ ಹೆಚ್ಚಾಯಿತೆಂದು ತಗ್ಗಿಸುತ್ತದೆ, ಕಪ್ಪು ಕಂಡರೆ ಕಡಿಮೆಯಾಯಿತೆಂದು ಏರಿಸುತ್ತದೆ. ಪರದೆಯ ಮೇಲೆ ವಸ್ತುವನ್ನು ಮುಟ್ಟಿದಾಗ ಪಕ್ಕದಲ್ಲಿ ಮೂಡುವ ಪುಟ್ಟ ಸೂರ್ಯನನ್ನು ಬೆರಳಿನಿಂದ ಮೇಲಕ್ಕೆ ಎಳೆದರೆ ಹಾಳೆ ಬೆಳ್ಳಗಾಗುತ್ತದೆ. ಸೂರ್ಯನನ್ನು ಹೀಗೆ ಬೆರಳಲ್ಲಿ ಆಡಿಸುವ ಯೋಗ ಪೂರ್ವಾಚಾರ್ಯರಿಗೆ ಇರಲಿಲ್ಲ.

ಈಗ ಬೆಳಕು. ಇದರಲ್ಲಿ ಎರಡು ಪ್ರಸ್ಥಾನಗಳು. ಒಂದು ಕಾಪು ಪ್ರಸ್ಥಾನ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬೆಳಕು ದೂರದ ಹಡಗಿಗೆ ತನ್ನನ್ನು ತಾನು ತೋರಿಸಿಕೊಳ್ಳಲು ಹುಟ್ಟಿದ್ದು. ಮೊಬೈಲಿನ ಟಾರ್ಚು, ಫ್ಲ್ಯಾಶು, ಶೇಡಿಲ್ಲದ ಬಲ್ಬು ಇವೆಲ್ಲ ಅದೇ ಗೋತ್ರದವು: ಸಣ್ಣ ಬಿಂದು, ದೊಡ್ಡ ಅಹಂಕಾರ. ಇವುಗಳ ಕೆಳಗೆ ಹಪ್ಪಳದ ಒಂದೊಂದು ಜೀರಿಗೆಗೂ ಕತ್ತರಿಸಿ ಇಟ್ಟಂಥ ನೆರಳು. ಇನ್ನೊಂದು ಆಟಿ ಪ್ರಸ್ಥಾನ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮಲ್ಲಿ, ಆಟಿ ತಿಂಗಳ ಮೋಡ ಇಡೀ ಆಕಾಶವನ್ನೇ ಒಂದು ದೀಪವಾಗಿ ಮಾಡುತ್ತದೆ. ನೆರಳಿನ ಮೃದುತ್ವ ದೀಪದ ಬೆಲೆಯನ್ನು ಅವಲಂಬಿಸಿಲ್ಲ; ವಸ್ತುವಿನ ಕಡೆಯಿಂದ ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ. ಸೂರ್ಯ ಎಷ್ಟೇ ದೊಡ್ಡವನಾದರೂ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಹಪ್ಪಳದ ಪಾಲಿಗೆ ಒಂದು ಬಿಂದು. ಮೋಡ ತಲೆಯ ಮೇಲೇ ಇದೆ.

ಆದರೆ ಇಲ್ಲೇ ಕರಾವಳಿಯ ಮಹಾ ವಿರೋಧಾಭಾಸ ಅಡಗಿದೆ. ಹಲಸಿನ ಹಪ್ಪಳ ಹುಟ್ಟುವುದು ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ. ಬೆಳೆದ ಕಾಯಿಯ ಸೊಳೆ ಬೇಯಿಸಿ, ರುಬ್ಬಿ, ಒತ್ತಿ, ಚಾಪೆಯ ಮೇಲೆ ಹರಡಿದರೆ ಆ ಬಿಸಿಲಿಗೆ ಅದು ಖಡಕ್ಕಾಗುತ್ತದೆ. ಆ ಬಿಸಿಲು ಫೋಟೋಕ್ಕೆ ವಿಷ. ಫೋಟೋಕ್ಕೆ ಅಮೃತವಾದ ಆಟಿಯ ಬೆಳಕು ಬರುವ ಹೊತ್ತಿಗೆ, ಡಬ್ಬಿಯಿಂದ ಹೊರಗಿಟ್ಟ ಹಪ್ಪಳ ಕ್ಯಾಮೆರಾ ಹುಡುಕುವುದರೊಳಗೆ ಮೆತ್ತಗಾಗಿರುತ್ತದೆ. ಹಪ್ಪಳಕ್ಕೆ ಬೇಕಾದ ಬೆಳಕು ಫೋಟೋಕ್ಕೆ ಬೇಡ, ಫೋಟೋಕ್ಕೆ ಬೇಕಾದ ಬೆಳಕು ಹಪ್ಪಳಕ್ಕೆ ಬೇಡ. ಈ ಕಗ್ಗಂಟನ್ನು ಬಿಡಿಸಲೆಂದೇ ನಾವು ಸೂತ್ರವೊಂದನ್ನು ರಚಿಸಿದ್ದೇವೆ:

ಮುಂಡಾವರಣಾತ್ ಮೃದುಚ್ಛಾಯಾ.

ಭಾಷ್ಯ: ಮುಂಡನ್ನು ಅಡ್ಡ ಹಿಡಿಯುವುದರಿಂದ ನೆರಳು ಮೃದುವಾಗುತ್ತದೆ. ಬಿಸಿಲು ಬೀಳುವ ಕಿಟಕಿಗೆ ಬಿಳಿ ಮುಂಡನ್ನು ಕಟ್ಟಿದರೆ ಆ ಬಟ್ಟೆಯೇ ಹೊಸ ದೀಪ. ಏಪ್ರಿಲ್ ತಿಂಗಳಲ್ಲೇ ಮನೆಯೊಳಗೆ ಒಂದು ಚೌಕ ಆಟಿ. "ಮುಂಡು" ಎಂಬಲ್ಲಿ ಬಿಳಿಯದನ್ನೇ ಗ್ರಹಿಸಬೇಕು. ಕಾವಿ ಮುಂಡು ಕಟ್ಟಿದರೆ ಹಪ್ಪಳ ಸಂನ್ಯಾಸ ಸ್ವೀಕರಿಸಿದಂತೆ ಕಾಣುತ್ತದೆ. ಜರಿ ಅಂಚಿನದಾದರೆ ಅಂಚಿನ ನೆರಳು ಅಡ್ಡಗೆರೆಯಾಗಿ ಬೀಳುತ್ತದೆ. ಮುಂಡು ಇಲ್ಲದವರಿಗೆ ಬಟರ್ ಪೇಪರ್ ವಿಕಲ್ಪ. ಉಟ್ಟ ಮುಂಡನ್ನು ಬಿಚ್ಚಿ ಕಟ್ಟಬಹುದೇ ಎಂಬ ಪ್ರಶ್ನೆಗೆ ಅವಸರದಲ್ಲಿ ಮಾತ್ರ ಅನುಮತಿ ಉಂಟು, ಬಾಗಿಲಿಗೆ ಚಿಲಕ ಹಾಕಿದ ಮೇಲೆ.

ಕಿಟಕಿಯ ಹಕ್ಕಿನ ಪ್ರಶ್ನೆ ಇನ್ನೂ ಜಟಿಲ. ಉಡುಪಿಯಲ್ಲಿ ಕೃಷ್ಣನನ್ನೇ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದ ನೋಡುವ ಪದ್ಧತಿ ಇರುವಾಗ ಹಪ್ಪಳಕ್ಕೊಂದು ಕಿಟಕಿ ಕೇಳುವುದು ಅತಿಯಾಸೆಯೇನಲ್ಲ. ಆದರೆ ಎಂಟು ಮಠಗಳು ಎರಡೆರಡು ವರ್ಷ ಪೂಜೆ ಹಂಚಿಕೊಳ್ಳುವಂತೆ ನಮ್ಮ ಮನೆಯ ಆ ಒಂದೇ ಕಿಟಕಿಗೂ ಪರ್ಯಾಯ ಉಂಟು: ಒಗೆದ ಬಟ್ಟೆ, ಮಗಳ ಓದು, ಬೇವಿನ ಗಿಡದ ಕುಂಡ, ಕೊನೆಯಲ್ಲಿ ಶಾಸ್ತ್ರ. "ಇನ್ನು ಎಷ್ಟೊತ್ತು ಮಾರಾಯ್ರೆ ನಿಮ್ಮ ಪರ್ಯಾಯ? ಯೂನಿಫಾರ್ಮ್ ಒಣಗ್ಲಿಕ್ಕುಂಟು" ಎಂಬ ಘೋಷಣೆಯೊಂದಿಗೆ ನಮ್ಮ ಪೀಠ ಇಳಿಯುತ್ತದೆ.

ಸಿಕ್ಕ ಹೊತ್ತಿನಲ್ಲಿ ಮಾಡಬೇಕಾದ್ದು: ಹಪ್ಪಳ ಕಿಟಕಿಯ ಸಮೀಪ, ಗೋಡೆ ದೂರ. ಸಣ್ಣ ದೀಪಕ್ಕೆ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕಿಟಕಿ ಇಷ್ಟು ಕಟ್ಟುನಿಟ್ಟಿನದಲ್ಲವಾದರೂ ದಾರಿ ಅದೇ. ಆದ್ದರಿಂದ ಹಿಂದಿನ ಗೋಡೆ ತಾನಾಗಿ ಕತ್ತಲಾಗಿ, ಬಾಡಿಗೆ ಮನೆಯ ತೇವದ ಕಲೆಗಳು, ಹಿಂದಿನ ಬಾಡಿಗೆದಾರರ ಮಕ್ಕಳ ಕ್ರೆಯಾನ್ ಚಿತ್ರಗಳು ಎಲ್ಲ ಅವ್ಯಕ್ತದಲ್ಲಿ ಅಡಗುತ್ತವೆ. ಬೆಳಕು ಪಕ್ಕದಿಂದ, ತಗ್ಗಾಗಿ ಬರಲಿ. ಆಗ ಹಪ್ಪಳದ ಮೈಯ ತರಿ, ಚಾಪೆಯ ಹೆಣಿಗೆ ಒತ್ತಿದ ಗುರುತು ಎಲ್ಲ ಕಾಣುತ್ತದೆ. ಹಸಿ ಹಪ್ಪಳವನ್ನು ಕಿಟಕಿಗೆ ಎದುರಾಗಿ ಎತ್ತಿ ಹಿಡಿದು ಹಿಂಬೆಳಕಿನಲ್ಲಿ ನೋಡಿ. ಒಳಗಿನ ಮೆಣಸಿನ ಚೂರು, ಜೀರಿಗೆ, ಅತ್ತೆಯವರ ಬೆರಳು ಒತ್ತಿ ತೆಳುವಾದ ಜಾಗ ಎಲ್ಲವೂ ತೋರುತ್ತವೆ. ಈ ಗ್ರಂಥದಲ್ಲಿ ನಿಜವಾಗಿ ಬೆಲೆಬಾಳುವ ವಾಕ್ಯ ಅದೊಂದೇ ಎಂದು ಮನೆಯವಳ ಅಭಿಪ್ರಾಯ.

ಕಿಟಕಿಯ ಎದುರು ಬದಿಯ ಕತ್ತಲಿಗೆ ಪಿಗ್ಮಿ ನ್ಯಾಯ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಸಂಗ್ರಹಿಸಿತು. ಹಾಗೆಯೇ, ವಸ್ತುವನ್ನು ದಾಟಿ ವ್ಯರ್ಥವಾಗಿ ಹೋಗುವ ಚಿಲ್ಲರೆ ಬೆಳಕನ್ನು ತಡೆದು ಹಿಂದಕ್ಕೆ ಜಮೆ ಮಾಡಬೇಕು. ಪಾರ್ಸೆಲ್ ಡಬ್ಬಿಯ ಅಲ್ಯೂಮಿನಿಯಂ ಮುಚ್ಚಳ, ರಟ್ಟಿಗೆ ಅಂಟಿಸಿದ ಫಾಯಿಲು, ಬಿಳಿ ಹಾಳೆ ಯಾವುದಾದರೂ ಆದೀತು. ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಓದುವವರಿಂದ ತುಂಬಿದ ಮಣಿಪಾಲದಲ್ಲಿ ಪರೀಕ್ಷೆ ಮುಗಿದು ಮಕ್ಕಳು ಊರಿಗೆ ಹೊರಟಾಗ ಸನ್‌ಬೋರ್ಡಿನ ತುಂಡು, ಚಾರ್ಟ್ ಪೇಪರು, ಟೇಬಲ್ ಲ್ಯಾಂಪುಗಳಿಗೆ ಕೊರತೆಯಿಲ್ಲ. ಕೇಳಲು ನಾಚಿಕೆ ಬಿಟ್ಟರಾಯಿತು. ಥರ್ಮೋಕೋಲು ಇವೆಲ್ಲಕ್ಕಿಂತ ಉತ್ತಮ, ಆದರೆ ಅಲಂಕಾರದ ಥರ್ಮೋಕೋಲು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೆ ಒಳಗಾಗಿದೆ. ಟಿವಿ ಪೆಟ್ಟಿಗೆಯೊಳಗೆ ಬಂದದ್ದನ್ನು ವಂಶಪಾರಂಪರ್ಯವಾಗಿ ಕಾಪಾಡಿಕೊಳ್ಳುವುದು ಲೇಸು.

ಹಿನ್ನೆಲೆಯ ವಿಷಯದಲ್ಲಿ ಪರಮ ಆದರ್ಶ ಕಾರ್ಕಳದಲ್ಲಿದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಯ ಹಿಂದೆ ಬಂಡೆ ಮುಗಿದು ಆಕಾಶ ಮಾತ್ರ ಉಳಿಯುತ್ತದೆ. ಮಡಿಕೆಯಿಲ್ಲ, ಮೂಲೆಯಿಲ್ಲ. ಹಿನ್ನೆಲೆಯ ಬಟ್ಟೆಯ ವಿಷಯ ಬಿಡಿ, ವಸ್ತುವಿಗೇ ಬಟ್ಟೆಯಿಲ್ಲ. ಈ ಆದರ್ಶವನ್ನು ಊಟದ ಮೇಜಿನ ಮೇಲೆ ಸಾಧಿಸಲು ಚಾರ್ಟ್ ಪೇಪರಿನ ಮೇಲ್ತುದಿಯನ್ನು ಗೋಡೆಗೆ ಅಂಟಿಸಿ, ಕೆಳತುದಿಯನ್ನು ಮಡಚದೆ ಬಾಗಿಸಿ ಮೇಜಿನ ಮೇಲೆ ಹಾಯಿಸಬೇಕು. ಎಲ್ಲಿ ಗೋಡೆ ಮುಗಿದು ಎಲ್ಲಿ ನೆಲ ಶುರುವಾಯಿತೆಂದು ಯಾವ ತಾರ್ಕಿಕನೂ ಹೇಳಲಾರ. ಕಪ್ಪು ಹಿನ್ನೆಲೆ ಬೇಕಾದವರು ಗ್ರಾನೈಟ್ ಅಂಗಡಿಯಲ್ಲಿ ಕೊಯ್ದು ಉಳಿದ ತುಂಡು ಕೇಳಬಹುದು. ಆದರೆ ಹೊಳಪು ಮಾಡಿದ ಕಲ್ಲಿನಲ್ಲಿ ಹಪ್ಪಳದ ಜೊತೆ ತೂಗಾಡುವ ಫ್ಯಾನೂ ಕಾಣುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಕರ್ತೃವಿನ ಬನಿಯನ್ ಕಂಡ ಪ್ರಸಂಗವೂ ಉಂಟು, ವಿಸ್ತರಿಸುವುದಿಲ್ಲ.

ಗೆರಸೆ, ಬಾಳೆಲೆ, ಹಿತ್ತಾಳೆ ಚೊಂಬು, ತೆಂಗಿನ ಗರಟೆ, ಎರಡು ಕೆಂಪು ಮೆಣಸು, ಪಕ್ಕದಲ್ಲೊಂದು ಸೇವಂತಿಗೆ: ಈ ಪಂಥದವರೊಂದಿಗೆ ನಮಗೆ ಮಾತುಕತೆಯಿಲ್ಲ. ಹಪ್ಪಳ ಮಾರುತ್ತಿದ್ದಾರೋ ಆರತಿ ಎತ್ತುತ್ತಿದ್ದಾರೋ ತಿಳಿಯುವುದಿಲ್ಲ. ಹಳೆಯ ಮನೆಯ ಕೆಂಪು ಸಿಮೆಂಟಿನ ನೆಲ ಸಿಕ್ಕರೆ ಬೇರೇನೂ ಬೇಡ. ಅದರ ಮೇಲೆ ಹಲಸಿನ ಹಪ್ಪಳದ ಹೊಂಬಣ್ಣ ಅದೆಷ್ಟು ಒಪ್ಪುತ್ತದೆಂದರೆ, ಆ ನೆಲ ಕಿತ್ತು ಟೈಲ್ಸ್ ಹಾಕಿಸಿದ ನೆಂಟರನ್ನು ನಾವು ಇನ್ನೂ ಕ್ಷಮಿಸಿಲ್ಲ.

ರಾತ್ರಿ ಪ್ರಕರಣ ಚಿಕ್ಕದು. ಅಡಿಕೆ ಹಾಳೆಯ ಮುಟ್ಟಾಳೆಯನ್ನು ಎಲ್ಇಡಿ ಬಲ್ಬಿಗೆ ಶೇಡಾಗಿ ತೊಡಿಸಬಹುದು, ಬಿಸಿಯಾಗುವ ಹಳೆಯ ಬಲ್ಬಿಗೆ ಕೂಡದು. ಅಗ್ಗದ ಬಲ್ಬಿನಡಿ ಚಿತ್ರದಲ್ಲಿ ಪಟ್ಟೆಗಳು ಬಂದರೆ ಭೂತಚೇಷ್ಟೆಯೆಂದು ಹೆದರಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಂಥ ಬಲ್ಬು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಮೊಬೈಲು ಅದನ್ನು ಸಾಲುಸಾಲಾಗಿ ಹಿಡಿಯುತ್ತದೆ. ಮುಖ್ಯ ನಿಷೇಧ ಒಂದೇ: 2,700 ಕೆಲ್ವಿನ್ನಿನ ಹಳದಿ ಬಲ್ಬನ್ನೂ 6,500 ಕೆಲ್ವಿನ್ನಿನ ಬಿಳಿ ಟ್ಯೂಬನ್ನೂ ಒಟ್ಟಿಗೆ ಉರಿಸಬಾರದು. ಹಪ್ಪಳದ ಒಂದು ಕೆನ್ನೆ ಕಾಮಾಲೆ, ಇನ್ನೊಂದು ಶೀತ. ಎಲ್ಲೆಡೆ ಭೇದ ಸ್ಥಾಪಿಸುವ ನಾವು ಬೆಳಕು-ಬೆಳಕುಗಳ ನಡುವೆ ಮಾತ್ರ ಅದನ್ನು ಒಪ್ಪುವುದಿಲ್ಲ. ಇದು ಸ್ವಸಿದ್ಧಾಂತಹಾನಿಯಲ್ಲವೇ ಎಂದು ಕೇಳುವವರು ಮುಂದಿನ ಪ್ಯಾರಾಕ್ಕೆ ಹೋಗಬಹುದು.

ಮುಂದಿನ ಪ್ಯಾರಾದಲ್ಲಿ ಅದಕ್ಕಿಂತ ದೊಡ್ಡ ಕಷ್ಟವಿದೆ. ಈ ಶಾಸ್ತ್ರಾನುಸಾರ ತೆಗೆದ ಚಿತ್ರ ನೋಡಿ ಹಪ್ಪಳ ತರಿಸಿಕೊಂಡ ಒಬ್ಬರು, "ಫೋಟೋದ್ದೇ ಬೇರೆ, ಬಂದದ್ದೇ ಬೇರೆ, ಇದು ಸಣ್ಣ ಉಂಟಲ್ಲ" ಎಂದು ಬರೆದರು. ಚಿತ್ರಕ್ಕೂ ವಸ್ತುವಿಗೂ ಭೇದ! ಆಚಾರ್ಯರು ಹೇಳಿದ ಐದರಲ್ಲಿ ಇದು ಇಲ್ಲವಾದ್ದರಿಂದ ಪ್ರಕ್ಷಿಪ್ತವೆಂದು ತಳ್ಳಿಹಾಕೋಣ ಎಂದುಕೊಂಡೆವು. ಅತ್ತೆಯವರು ಫೋನಿನಲ್ಲಿ, "ನೀವು ಅದನ್ನು ಅಷ್ಟು ದೊಡ್ಡದು ಮಾಡಿ ತೋರಿಸುವುದು ಎಂತಕ್ಕೆ? ಅಳತೆ ಗೊತ್ತಾಗುವ ಹಾಗೆ ಪಕ್ಕದಲ್ಲಿ ಏನಾದರೂ ಇಡಿ" ಎಂದರು. ಶಾಸ್ತ್ರಕ್ಕೆ ಶಿಷ್ಟಾಚಾರವೂ ಪ್ರಮಾಣ. ಮನೆಯಲ್ಲಿ ಹತ್ತು ರೂಪಾಯಿಯ ನಾಣ್ಯಗಳು ರಾಶಿ ಬಿದ್ದಿದ್ದವು. ನಾಣ್ಯದ ವ್ಯಾಸ 27 ಮಿಲಿಮೀಟರ್. 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದ್ದರೂ ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ ಅದು ಇನ್ನೂ ಅಸ್ಪೃಶ್ಯ. ಹೀಗೆ ನಿರುದ್ಯೋಗಿಯಾಗಿದ್ದ ನಾಣ್ಯಕ್ಕೆ ಅಳತೆಗೋಲಿನ ಹುದ್ದೆ ಕೊಟ್ಟು, ಮುಂಡಿನ ಬೆಳಕಿನಲ್ಲಿ, ಚಾರ್ಟ್ ಪೇಪರಿನ ಆಕಾಶದ ಕೆಳಗೆ, ಹಪ್ಪಳದ ಪಕ್ಕದಲ್ಲಿ ಮಲಗಿಸಿ ಚಿತ್ರ ತೆಗೆದು ಸ್ಟೇಟಸ್ಸಿಗೆ ಏರಿಸಿದೆವು.

ಅರ್ಧ ಗಂಟೆಯೊಳಗೆ ಎರಡು ಉತ್ತರ ಬಂದವು. "ಒಂದು ಹಪ್ಪಳಕ್ಕೆ ಹತ್ತು ರೂಪಾಯಿಯಾ? ಭಾರೀ ಆಯ್ತು ಮಾರಾಯ್ರೆ" ಎಂದು ಪರ್ಕಳದಿಂದ. "ಹತ್ತು ರೂಪಾಯಿಗೆ ಒಂದು ಕಟ್ಟಾದರೆ ನನಗೆ ಇಪ್ಪತ್ತು ಕಟ್ಟು ಇಡಿ, ಸಂಜೆ ಬರ್ತೇನೆ" ಎಂದು ಕಾಪುವಿನಿಂದ.